ಪೈಪಿಗಿಂತ ಚಿಕ್ಕ ವಯಸ್ಸಿನ ಪೆಟ್ಟಿಗೆ

ನಮ್ಮ ಮನೆಯಲ್ಲಿ ಬೀಡಿ ಸಿಗರೇಟು ಸೇದಿದವರು ಯಾರೂ ಇಲ್ಲ. ನನ್ನ ಗಂಡನಿಗೆ ಅಡಿಕೆ ಚೂರು ಸಹ ಆಗದು. ಅತ್ತೆಯವರು ರಾಣೆಬೆನ್ನೂರಿನ ಕಡೆಯವರು, ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಳ್ಳದೆ ಒಂದು ಗುಟುಕು ನೀರನ್ನೂ ಕುಡಿಯದವರು. ಅಂಥ ಮನೆಯ ಸೊಸೆಯಾದ ನಾನು ಹೊಗೆಸೊಪ್ಪು ಸೇದುವ ಹಳೆಯ ಪೈಪ್‌ಗಳನ್ನು ನೋಡಿ ಅವುಗಳ ವಯಸ್ಸು ಹೇಳಬಲ್ಲೆ ಎಂದರೆ ನೆಂಟರು ಮೊದಲು ನಗುತ್ತಾರೆ, ಆಮೇಲೆ ನಂಬದೆ ನನ್ನ ಮುಖ ನೋಡುತ್ತಾರೆ.

ಈ ವಿದ್ಯೆ ನನಗೆ ಅಂಟಿದ್ದು ಪೀಣ್ಯದಲ್ಲಿ. ಡಿಪ್ಲೊಮಾ ಮುಗಿಸಿ ದಾವಣಗೆರೆಯಿಂದ ಬಂದು, ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ರೂಮಿಗೆ ಸೇರಿದ್ದೆ. ಯಂತ್ರಗಳಿದ್ದ ಶಾಪ್‌ನಿಂದ ಬಂದ ಪ್ರತಿ ಭಾಗವನ್ನೂ ಅಳೆದು, ಸರಿ ಇದ್ದರೆ ಮುದ್ರೆ ಒತ್ತಿ, ಇಲ್ಲದಿದ್ದರೆ ತಿರುಗಿ ಕಳಿಸುವುದು ನನ್ನ ಕೆಲಸ. ನಮ್ಮ ಮಾಲೀಕರು ಪೈಪ್ ಸೇದುತ್ತಿದ್ದ ಮನುಷ್ಯ. ಹೃದಯದ ತೊಂದರೆ ಬಂದ ಮೇಲೆ ಸೇದುವುದನ್ನು ಬಿಟ್ಟರು, ಪೈಪ್‌ಗಳ ಮೋಹ ಮಾತ್ರ ಬಿಡಲಿಲ್ಲ. ಚರ್ಮ ಹೊದಿಸಿದ ಪೆಟ್ಟಿಗೆಗಳಲ್ಲಿ ಎರಡೆರಡು, ಮೂರುಮೂರು ಪೈಪ್‌ಗಳು ಮಲಗಿರುವಂಥ ಹಳೆಯ ಸೆಟ್‌ಗಳನ್ನು ಎಲ್ಲೆಲ್ಲಿಂದಲೋ ತಂದು ತಮ್ಮ ಕೋಣೆಯ ಬೀರುವಿನಲ್ಲಿ ಇಟ್ಟಿದ್ದರು.

ಒಂದು ಮಧ್ಯಾಹ್ನ ಅವರು ಅಂಥದೊಂದು ಪೈಪ್ ಹಿಡಿದುಕೊಂಡು ನಮ್ಮ ರೂಮಿಗೇ ಬಂದರು. ಬಟ್ಟಲಿನ ಭಾಗವೂ ಬಾಯಲ್ಲಿ ಕಚ್ಚುವ ತುದಿಯೂ ಸೇರುವ ಕಡೆ ತೆಳ್ಳನೆಯ ಬೆಳ್ಳಿಯ ಪಟ್ಟಿ ಇತ್ತು. ಅದರ ಮೇಲೆ ಸವೆದುಹೋದ ಯಾವುದೋ ಗುರುತು.

"ನಿಮ್ ಮೈಕ್ರೋಸ್ಕೋಪ್ ಅಡಿ ಇದನ್ನ ಒಂಚೂರು ನೋಡ್ತೀರೇನ್ರೀ? ನನ್ ಕಣ್ಣಿಗೆ ಕಾಣ್ತಿಲ್ಲ" ಎಂದರು.

ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದೆ. ಅಕ್ಕಿಕಾಳಿಗಿಂತ ಚಿಕ್ಕ ಜಾಗದಲ್ಲಿ ನಡೆಯುವ ಸಿಂಹ, ಪಕ್ಕದಲ್ಲಿ ಹಡಗಿನ ಲಂಗರು, ಅದರ ಪಕ್ಕ ಒಂದು ಇಂಗ್ಲಿಷ್ ಅಕ್ಷರ. ನಾನು ಹೇಳಿದ್ದನ್ನು ಕೇಳಿ ಮಾಲೀಕರ ಮುಖ ಅರಳಿತು. ಸಿಂಹ ಎಂದರೆ ಇಂಗ್ಲೆಂಡಿನಲ್ಲಿ ಪರೀಕ್ಷೆಯಾದ ಬೆಳ್ಳಿ, ಲಂಗರು ಎಂದರೆ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಪರೀಕ್ಷೆಯಾದದ್ದು, ಅಕ್ಷರ ಎಂದರೆ ವರ್ಷ ಎಂದು ವಿವರಿಸಿದರು. ವರ್ಷಕ್ಕೊಂದು ಅಕ್ಷರ, ವರ್ಣಮಾಲೆ ಮುಗಿದರೆ ಮತ್ತೆ ಮೊದಲಿನಿಂದ, ಆದರೆ ಅಕ್ಷರದ ಶೈಲಿ ಬೇರೆ, ಸುತ್ತಲಿನ ಚೌಕಟ್ಟು ಬೇರೆ. ನಾನು ದಿನವೂ ಒತ್ತುತ್ತಿದ್ದ ಮುದ್ರೆಗೂ ಇದಕ್ಕೂ ಏನು ವ್ಯತ್ಯಾಸ? ಯಾವುದೋ ಕಾಲದಲ್ಲಿ, ಯಾವುದೋ ದೇಶದಲ್ಲಿ ನನ್ನಂಥದೇ ಕೆಲಸ ಮಾಡುತ್ತಿದ್ದ ಒಬ್ಬರು ಇದನ್ನು ಪರೀಕ್ಷಿಸಿ ಸರಿ ಎಂದು ಒತ್ತಿ ಕಳಿಸಿದ್ದಾರೆ ಅನ್ನಿಸಿತು. ಆ ದಿನದಿಂದ ನಾನು ಕೆಟ್ಟೆ ಎನ್ನಬೇಕೋ ಉದ್ಧಾರವಾದೆ ಎನ್ನಬೇಕೋ ಗೊತ್ತಿಲ್ಲ.

ಮಾಲೀಕರ ಬೀರುವಿನ ಒಂದೊಂದು ಸೆಟ್ಟನ್ನೂ ನೋಡುತ್ತ ಕಲಿತೆ. ಬಾಯಿಗೆ ಇಡುವ ತುದಿ ಗಟ್ಟಿ ರಬ್ಬರಿನದಾದರೆ ಕಪ್ಪು ಬಣ್ಣ ವರ್ಷ ಕಳೆದಂತೆ ಹಸಿರು ಮಿಶ್ರಿತ ಕಂದಾಗುತ್ತದೆ, ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ. ಪೈಪ್ ಒಂದು ಕಾಲದ್ದು, ಪೆಟ್ಟಿಗೆ ಇನ್ನೊಂದು ಕಾಲದ್ದು ಆಗಿರಬಹುದು. ಮಾರುವವರು ಎರಡನ್ನೂ ಗಂಟುಹಾಕಿ ಒಂದೇ ಎಂದು ಹೇಳಬಹುದು. ಆದ್ದರಿಂದ ಪೆಟ್ಟಿಗೆಯನ್ನು ಬೇರೆಯಾಗಿಯೇ ವಿಚಾರಿಸಬೇಕು. ಅಸ್ತರಿನ ಬಟ್ಟೆ ಯಾವುದು, ಕೀಲು ಯಾವ ಬಗೆಯದು, ಸ್ಕ್ರೂ ತಲೆಯಲ್ಲಿ ಒಂದೇ ಗೀಟು ಇದೆಯೋ ಕೂಡುಚಿಹ್ನೆ ಇದೆಯೋ, ಪೈಪ್ ಮಲಗುವ ಕುಳಿಯಲ್ಲಿ ಆ ಪೈಪಿನದೇ ಒತ್ತು ಬಿದ್ದಿದೆಯೋ. ಇಷ್ಟನ್ನೂ ಕೇಳಿದರೆ ಪೆಟ್ಟಿಗೆ ತಾನೇ ಉತ್ತರ ಹೇಳುತ್ತದೆ. ಮಾಲೀಕರು ತೀರಿಕೊಂಡ ಮೇಲೂ ಗೊತ್ತಿದ್ದವರು ತಮ್ಮ ಅಜ್ಜನದೋ ಮಾವನದೋ ಸೆಟ್ ತಂದು ತೋರಿಸುತ್ತಿದ್ದರು. ನಿವೃತ್ತಿಯಾಗಿ ದೊಡ್ಡನೆಕ್ಕುಂದಿ ದಾಟಿ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟಿಗೆ ಬಂದಾಗ ನನ್ನ ಮಸೂರ, ಸಣ್ಣ ಟಾರ್ಚು, ಸೂಕ್ಷ್ಮ ಅಳತೆಯ ವರ್ನಿಯರ್ ಎಲ್ಲವೂ ನನ್ನ ಜೊತೆಯೇ ಬಂದವು. ಅತ್ತೆಯವರದು ಒಂದೇ ಷರತ್ತು. ತಂಬಾಕಿನ ಸಾಮಾನು ಬಾಲ್ಕನಿ ದಾಟಿ ಒಳಗೆ ಬರಕೂಡದು. ಅಲ್ಲಿಯೇ ಮೇಜು ಹಾಕಿಕೊಂಡೆ.

ಕೆಳಗಿನ ಮಹಡಿಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಹೆಂಗಸು ಇದ್ದಾರೆ, ಎಂಬತ್ತರ ಹತ್ತಿರದವರು. ಶಾಲೆಯಲ್ಲಿ ಟೀಚರಾಗಿದ್ದವರು. ವೈಟ್‌ಫೀಲ್ಡಿನ ಹಳೆಯ ಬಡಾವಣೆಯಲ್ಲಿ ಅವರ ತಾತ ಕಟ್ಟಿಸಿದ ಮನೆ ಇತ್ತಂತೆ, ಹೆಂಚಿನ ಮಾಡು, ಸುತ್ತ ಮಾವಿನ ಮರ. ಈಗ ಆ ಜಾಗದಲ್ಲಿ ಗಾಜಿನ ಕಟ್ಟಡ ನಿಂತಿದೆ. ನಾನು ಅವರನ್ನು ಆಂಟಿ ಎನ್ನುತ್ತೇನೆ. ಬೆಳಗಿನ ವಾಕಿಂಗ್‌ನಲ್ಲಿ ಜೊತೆಯಾಗುತ್ತಿದ್ದರು, ಕ್ರಿಸ್‌ಮಸ್ಸಿಗೆ ಕಲ್‌ಕಲ್ ಎಂಬ ಸಿಹಿತಿಂಡಿ ಕಳಿಸುತ್ತಿದ್ದರು, ಯುಗಾದಿಗೆ ನಮ್ಮ ಹೋಳಿಗೆ ಅವರ ಮನೆಗೆ ಹೋಗುತ್ತಿತ್ತು.

ಹೋದ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ಅವರು ಬಟ್ಟೆ ಚೀಲವೊಂದನ್ನು ಎದೆಗೆ ಒತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. ಕಣ್ಣು ಕೆಂಪಾಗಿತ್ತು.

"ನೋಡಮ್ಮ, ನೀನು ಈ ಪೈಪ್ ವಿಷಯ ಎಲ್ಲ ತಿಳ್ಕೊಂಡಿದೀಯ ಅಂತಾರೆ. ನಿಜ ಹೇಳ್ಬೇಕು. ನನ್ನ ಮನಸ್ಸಿಗೆ ನೋವಾಗುತ್ತೆ ಅಂತ ಮುಚ್ಚಿಡ್ಬಾರದು."

ಬಾಲ್ಕನಿಯಲ್ಲಿ ಕೂರಿಸಿ ಕಾಫಿ ಕೊಟ್ಟೆ. ಸಮಾಚಾರ ಇಷ್ಟು. ವೈಟ್‌ಫೀಲ್ಡಿನ ಹಳೆಯ ಆಂಗ್ಲೋ ಇಂಡಿಯನ್ ಕುಟುಂಬಗಳವರೆಲ್ಲ ಸೇರಿ ಚರ್ಚಿನ ಹಾಲ್‌ನಲ್ಲಿ ತಮ್ಮ ಹಿರಿಯರ ವಸ್ತುಗಳ ಒಂದು ಪ್ರದರ್ಶನ ಮಾಡುವವರಿದ್ದರು. ಆಂಟಿ ತಮ್ಮ ತಾತನ ಪೈಪ್ ಸೆಟ್ ಕೊಟ್ಟಿದ್ದರು. ತಾತ ಹುಬ್ಬಳ್ಳಿಯಲ್ಲಿ ರೈಲು ಎಂಜಿನ್, ಬೋಗಿ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದವರು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಿವೃತ್ತರಾಗಿ ಇಲ್ಲಿಗೆ ಬಂದು ನೆಲೆಸಿದರು. ನಿವೃತ್ತಿಯ ದಿನ ದೊಡ್ಡ ಸಾಹೇಬರು ಇಂಗ್ಲೆಂಡಿನಿಂದ ಈ ಸೆಟ್ ತರಿಸಿ ಸನ್ಮಾನದ ಕಾಣಿಕೆಯಾಗಿ ಕೊಟ್ಟರು ಎಂಬುದು ಆಂಟಿಯ ತಂದೆ ಹೇಳುತ್ತಿದ್ದ ಕಥೆ. ಪ್ರದರ್ಶನಕ್ಕೆ ಬಂದ ವಸ್ತುಗಳಿಗೆ ವಿವರದ ಚೀಟಿ ಬರೆಯಲು ಬೆಳ್ಳಂದೂರಿನ ಒಬ್ಬ ಸಂಗ್ರಾಹಕರನ್ನು ಕರೆಸಿದ್ದರು. ಸಾಫ್ಟ್‌ವೇರ್ ಕೆಲಸದಲ್ಲಿದ್ದರೂ ಹಳೆಯ ವಸ್ತುಗಳ ಬಗ್ಗೆ ಚೆನ್ನಾಗಿ ಓದಿಕೊಂಡವರು. ಅವರು ಈ ಸೆಟ್ ನೋಡಿ, ಪೈಪ್‌ಗಳೂ ಪೆಟ್ಟಿಗೆಯೂ ಜೊತೆಯವಲ್ಲ, ಆಮೇಲೆ ಯಾರೋ ಜೋಡಿಸಿದ್ದು ಎಂದುಬಿಟ್ಟಿದ್ದರು.

"ನಮ್ ಡ್ಯಾಡಿ ಸುಳ್ಳು ಹೇಳೋರಲ್ಲ" ಎಂದರು ಆಂಟಿ. ಅದೊಂದೇ ಅವರಿಗೆ ಇದ್ದ ಸಂಕಟ.

ಪೆಟ್ಟಿಗೆ ತೆರೆದೆ. ಎರಡು ಪೈಪ್‌ಗಳು, ಒಂದು ನೆಟ್ಟಗಿನದು, ಒಂದು ಬಾಗಿದ್ದು. ಬಟ್ಟಲುಗಳು ತುಂಬ ಸೇದಿ ಒಳಗೆ ಕರಿಕಟ್ಟಿದ್ದವು. ಎರಡರ ಬೆಳ್ಳಿಪಟ್ಟಿಯಲ್ಲೂ ಸಿಂಹ, ಲಂಗರು, ಒಂದೇ ಅಕ್ಷರ. ಎರಡೂ ಒಂದೇ ವರ್ಷ ಪರೀಕ್ಷೆಯಾದವು, ಯುದ್ಧ ಶುರುವಾಗುವುದಕ್ಕೆ ಸಾಕಷ್ಟು ವರ್ಷ ಮೊದಲೇ. ಹಾಗಾದರೆ ನಿವೃತ್ತಿಗೆಂದು ಹೊಸದಾಗಿ ತರಿಸಿದ್ದು ಹೇಗಾಗುತ್ತದೆ? ನನ್ನ ಮನಸ್ಸು ಸ್ವಲ್ಪ ಕುಸಿಯಿತು. ಆ ಸಂಗ್ರಾಹಕರು ಹೇಳಿದ್ದರಲ್ಲಿ ತಪ್ಪಿಲ್ಲ ಅನ್ನಿಸಿತು.

ಆದರೆ ಬಾಗಿದ ಪೈಪಿನ ಬಾಯಿತುದಿ ನೋಡಿದಾಗ ನನ್ನ ಕೈ ನಿಂತಿತು. ನೆಟ್ಟಗಿನ ಪೈಪಿನದು ರಬ್ಬರಿನದು, ಕಂದುಗಟ್ಟಿತ್ತು. ಇದು ಮಾತ್ರ ಇನ್ನೂ ಕಪ್ಪಗೇ ಇತ್ತು. ಟಾರ್ಚಿನ ಬೆಳಕಿಗೆ ಹಿಡಿದರೆ ಒಳಗೆ ಎಳೆ ಎಳೆಯಾಗಿ ಕಂಡಿತು. ಅದು ಎಮ್ಮೆಯ ಕೊಂಬು. ಬೆಳ್ಳಿಯೊಳಗೆ ಕೂರುವ ಗೂಟದ ಮೇಲೆ ಸಣ್ಣ ಸುತ್ತುಗೀರುಗಳಿದ್ದವು, ತಿರುಗಿಸಿ ಕಡೆಯುವ ಲೇತ್ ಯಂತ್ರದ ಗುರುತು. ಯಾರೋ ಲೇತ್ ಬಲ್ಲವರು ಮುರಿದ ತುದಿಯ ಬದಲಿಗೆ ಹೊಸದನ್ನು ಕಡೆದು ಕೂರಿಸಿದ್ದರು. ಬಿಚ್ಚಿ ಮತ್ತೆ ಸೇರಿಸಿದೆ. ಎಷ್ಟು ಹದವಾಗಿ ಕೂತಿತೆಂದರೆ, ನನ್ನ ಸರ್ವಿಸಿನಲ್ಲಿ ಅಂಥ ಕೂರಿಕೆ ಸಿಕ್ಕಿದ್ದರೆ ಎರಡನೇ ಸಲ ಅಳೆಯದೆ ಮುದ್ರೆ ಒತ್ತುತ್ತಿದ್ದೆ.

ಆಮೇಲೆ ಪೆಟ್ಟಿಗೆಯನ್ನು ವಿಚಾರಿಸಿದೆ. ಇಂಗ್ಲೆಂಡಿನಿಂದ ಬರುವ ಪೆಟ್ಟಿಗೆಗಳಲ್ಲಿ ತೆಳುವಾದ ಮರ, ಮೇಲೆ ಚರ್ಮ, ಒಳಗೆ ವೆಲ್ವೆಟ್, ಮುಚ್ಚಳದ ಒಳಗೆ ಅಂಗಡಿಯ ಹೆಸರು ಇರುವುದು ವಾಡಿಕೆ. ಇದರಲ್ಲಿ ಯಾವುದೂ ಇರಲಿಲ್ಲ. ಮರ ಭಾರವಾದ ತೇಗ. ತಳದಲ್ಲಿ ಒಂದು ಹಳೆಯ ಬೋಲ್ಟಿನ ತೂತನ್ನು ಮರದ ಬಿರಡೆಯಿಂದ ಮುಚ್ಚಿ ಸಮ ಮಾಡಿದ್ದರು. ಒಂದು ಸಂದಿಯಲ್ಲಿ ಹಳೆಯ ರೈಲು ಬೋಗಿಗಳಿಗೆ ಬಳಿಯುತ್ತಿದ್ದಂಥ ಕಡುಗೆಂಪು ಬಣ್ಣದ ಉಳಿಕೆ ಇತ್ತು. ಬೇರೆ ಎಲ್ಲೋ ಹಲಗೆಯಾಗಿದ್ದ ಮರ ಅದು. ಹಿತ್ತಾಳೆಯ ಕೀಲುಗಳು ಅಂಗಡಿಯವಲ್ಲ, ತಗಡು ಕತ್ತರಿಸಿ ಅರದಿಂದ ಉಜ್ಜಿ ಮಾಡಿದವು. ಎರಡೂ ಕೀಲುಗಳ ಅಗಲದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಮುಂದಿನ ಚಿಲಕ ಹಳೆಯ ರೈಲು ಬೋಗಿಯ ಕಿಟಕಿಯಲ್ಲಿ ಇರುತ್ತಿದ್ದಂಥದು, ಅದನ್ನೇ ಕತ್ತರಿಸಿ ಚಿಕ್ಕದು ಮಾಡಿದ್ದರು. ಪೈಪ್ ಮಲಗುವ ಕುಳಿಗಳನ್ನು ಉಳಿಯಿಂದ ತೋಡಿದ್ದರು, ಕೊಂಬಿನ ತುದಿ ಹಾಕಿದ ಪೈಪು ಅಲ್ಲಿ ಸರಿಯಾಗಿ ಕೂರುತ್ತಿತ್ತು. ಅಂದರೆ ತುದಿ ರಿಪೇರಿಯಾದ ಮೇಲೆಯೇ ಪೆಟ್ಟಿಗೆ ಆಗಿದೆ.

ಉಳಿದದ್ದು ಅಸ್ತರು. ಮಾಸಿದ ಕೆಂಪು ಬಣ್ಣದ ಬಟ್ಟೆ, ಉದ್ದಕ್ಕೂ ಸಣ್ಣ ಸಣ್ಣ ನೇಯ್ಗೆಯ ಚುಕ್ಕಿ. ಸಂಗ್ರಾಹಕರು ಇದನ್ನು ನೋಡಿಯೇ, ಆಮೇಲೆ ಯಾರೋ ಅಸ್ತರು ಬದಲಾಯಿಸಿದ್ದಾರೆ ಎಂದಿದ್ದರಂತೆ. ಒಂದು ಮೂಲೆಯಲ್ಲಿ ಬಟ್ಟೆ ತಾನಾಗಿ ಎದ್ದಿತ್ತು. ಅದನ್ನು ಚಿಮಟದಿಂದ ಹಗುರಾಗಿ ಎತ್ತಿ ಕೆಳಗೆ ಬೆಳಕು ಬಿಟ್ಟೆ. ಹಳೆಯ ವೆಲ್ವೆಟ್ಟಿನ ಚೂರಿಲ್ಲ, ಹಳೆಯ ಅಂಟಿನ ಕಲೆಯಿಲ್ಲ, ಮೊಳೆಯ ತೂತಿಲ್ಲ. ಬೆತ್ತಲೆ ಮರದ ಮೇಲೆ ಒಂದೇ ಪದರ ಸರೇಸಿನ ಅಂಟು, ಅದರ ಮೇಲೆ ಈ ಬಟ್ಟೆ. ಪೆಟ್ಟಿಗೆ ಹುಟ್ಟಿದಾಗ ಉಟ್ಟ ಬಟ್ಟೆಯೇ ಇದು. ಆದರೆ ಯಾವ ಬಟ್ಟೆ? ರೇಷ್ಮೆಯಂತೆ ಹೊಳೆಯುತ್ತದೆ, ಪೂರ್ತಿ ರೇಷ್ಮೆಯಲ್ಲ. ಅಲ್ಲಿಗೆ ನನ್ನ ಲೆಕ್ಕಾಚಾರ ನಿಂತಿತು.

ಅಷ್ಟರಲ್ಲಿ ಅತ್ತೆಯವರು ಬಾಲ್ಕನಿಯ ಬಾಗಿಲಿಗೆ ಬಂದರು. ಆಂಟಿ ಬಂದಿದ್ದಾರೆಂದು ಮಾತಾಡಿಸಲು ಬಂದವರು.

"ಏನವಾ ಮುಂಜಾಲಿಂದ ಅದರಾಗ ತಲಿ ಹಾಕ್ಕೊಂಡು ಕುಂತೀರಿ ಇಬ್ಬರೂ?"

"ಈ ಬಟ್ಟೆ ಯಾವುದು ಅಂತ ಗೊತ್ತಾಗ್ತಿಲ್ಲ ಅತ್ತೆ" ಎಂದೆ.

ಅವರು ಬಗ್ಗಿ ನೋಡಿದರು. ಕನ್ನಡಕ ಏರಿಸಿ ಮತ್ತೆ ನೋಡಿದರು. ಆಮೇಲೆ ಹೊಸ್ತಿಲು ದಾಟಿ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಪೆಟ್ಟಿಗೆಯನ್ನೇ ತೊಡೆಯ ಮೇಲೆ ಎಳೆದುಕೊಂಡರು. ಪೈಪ್‌ಗಳನ್ನು ತೆಗೆಯುವ ಹೊತ್ತೂ ನನಗೆ ಸಿಗಲಿಲ್ಲ.

"ಇದು ಖಣ ಅಲ್ಲೇನಬೇ" ಎಂದರು. "ಗುಳೇದಗುಡ್ಡದ ಖಣ. ಕುಬಸಾ ಹೊಲಿಸೋದು. ನಮ್ಮವ್ವ ಬ್ಯಾರೆ ಏನೂ ತೊಡತಿದ್ದಿಲ್ಲ."

ಎದ್ದ ಮೂಲೆಯನ್ನು ಬೆರಳಿನಿಂದ ಮಡಚಿ ಹಿಂಬದಿಯನ್ನು ತೋರಿಸಿದರು. ಮುಂದೆ ಚುಕ್ಕಿಯಾಗಿ ಕಂಡದ್ದು ಹಿಂದೆ ಉದ್ದುದ್ದ ದಾರವಾಗಿ ಹರಿದಿತ್ತು. ಮುಚ್ಚಳದ ಅಂಚಿನಲ್ಲಿ ಬೇರೆ ಬಣ್ಣದ ಒಂದು ಗೆರೆ ಇದ್ದದ್ದನ್ನು ನಾನು ಕಲೆ ಎಂದುಕೊಂಡಿದ್ದೆ. ಅದು ಕಲೆಯಲ್ಲ, ಖಣದ ದಡಿ. ಅಂದ ಕಾಣಲೆಂದು ಅದನ್ನು ಕತ್ತರಿಸದೆ ಮುಚ್ಚಳದ ಮುಂದಿನ ಅಂಚಿಗೇ ಬರುವಂತೆ ಅಂಟಿಸಿದ್ದರು.

"ಹೊಸಾ ಖಣ ಹಾಕ್ಯಾರ ನೋಡು, ಹೊಲಿಗಿ ತೂತಿಲ್ಲ. ಹಳೀ ಕುಬಸ ಹರದು ಹಾಕಿಲ್ಲ" ಎಂದು ಅತ್ತೆಯವರು ಆಂಟಿಯ ಕಡೆ ತಿರುಗಿದರು. "ಅಕ್ಕಾರ, ನಮ್ಮ ಕಡೆ ಮನಿಗೆ ಬಂದ ಹೆಣ್ಮಕ್ಕಳಿಗೆ ಉಡಿ ತುಂಬಿ ಖಣ ಕೊಡತಾರ. ಹಂಗ ಸುಮ್ಮ ಯಾರಿಗೂ ಕೊಡೂದಿಲ್ಲ. ಇದನ್ನ ಮಾಡಿದವರು ನಿಮ್ಮ ಅಜ್ಜಾರನ್ನ ಭಾಳ ಹಚ್ಚಿಕೊಂಡಿದ್ರು ಕಾಣತದ."

ನಾನು ಒಂದೊಂದೇ ಜೋಡಿಸಿ ಆಂಟಿಗೆ ಹೇಳಿದೆ. ಪೈಪ್‌ಗಳು ತಾತನ ಹತ್ತಿರ ಮೊದಲೇ ಇದ್ದವು, ತುಂಬ ಸೇದಿದವು. ಒಂದರ ತುದಿ ಮುರಿದಿದೆ. ಯುದ್ಧದ ಕಾಲದಲ್ಲಿ ಹೊಸದು ಸಿಗುವುದು ಕಷ್ಟ. ಲೇತ್ ಗೊತ್ತಿದ್ದವರು ಕೊಂಬಿನಲ್ಲಿ ಕಡೆದಿದ್ದಾರೆ. ಬೋಗಿಯ ತೇಗ, ಕಿಟಕಿಯ ಚಿಲಕ, ಕೈಯಲ್ಲಿ ಅರ ಹಿಡಿದು ಮಾಡಿದ ಕೀಲು, ಹುಬ್ಬಳ್ಳಿ ಪೇಟೆಯಲ್ಲಿ ಸಿಗುವ ಖಣ. ಇದನ್ನು ಸಾಹೇಬರು ಇಂಗ್ಲೆಂಡಿನಿಂದ ತರಿಸಿಲ್ಲ ಆಂಟಿ, ನಿಮ್ಮ ತಾತನ ಕೈಕೆಳಗೆ ದುಡಿದವರೇ ಮಾಡಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟರು.

"ನಮ್ ಗ್ರ್ಯಾನಿ ಇದನ್ನ ಬಾಯ್ಸ್ ಬಾಕ್ಸ್ ಅಂತಿದ್ರು. 'ಹುಡುಗರ ಪೆಟ್ಟಿಗೆ ಎಲ್ಲಿ, ಅದರ ಮೇಲೆ ನೀರು ಚೆಲ್ಲಬೇಡ' ಅಂತ. ಗಂಡಸರ ಸಾಮಾನು ಇದೆಯಲ್ಲ, ಅದಕ್ಕೇ ಹಂಗನ್ತಾರೆ ಅಂದ್ಕೊಂಡಿದ್ದೆ ನಾನು. ಗ್ರ್ಯಾನಿ ವರ್ಕ್‌ಶಾಪ್ ಜನಾನ ಬಾಯ್ಸ್ ಅಂತಲೇ ಕರೀತಿದ್ದಿದ್ದು. ನನಗೆ ಈಗ ಹೊಳೀತಿದೆ ನೋಡು."

ಹಾಗಾದರೆ ಅವರ ತಂದೆ ಯಾಕೆ ಸಾಹೇಬರ ಹೆಸರು ಹೇಳುತ್ತಿದ್ದರು ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ಡ್ಯಾಡಿ ಆಗ ಸೈನ್ಯದಲ್ಲಿದ್ದರು, ಮನೆಯಲ್ಲಿರಲಿಲ್ಲ. ಸನ್ಮಾನ ಆಯಿತು, ಪೆಟ್ಟಿಗೆ ಬಂತು ಎಂದಷ್ಟೇ ಕೇಳಿದವರು, ಕೊಟ್ಟವರು ದೊಡ್ಡ ಸಾಹೇಬರೇ ಇರಬೇಕು ಎಂದುಕೊಂಡಿದ್ದಾರೆ. ಸುಳ್ಳು ಹೇಳಿದ್ದಲ್ಲ, ಊಹಿಸಿದ್ದು. ಅಷ್ಟು ಹೇಳುವಾಗ ಆಂಟಿಯ ಬೆನ್ನು ನೆಟ್ಟಗಾಗಿತ್ತು.

ಆ ವಾರವೇ ಬೆಳ್ಳಂದೂರಿನ ಸಂಗ್ರಾಹಕರನ್ನು ನಮ್ಮ ಮನೆಗೆ ಕರೆದೆ. ವಾದಕ್ಕೆ ಬರುತ್ತಾರೇನೋ ಎಂದು ಒಳಗೊಳಗೇ ಸಜ್ಜಾಗಿದ್ದೆ. ಹಾಗೇನೂ ಆಗಲಿಲ್ಲ. ನನಗಿಂತ ಒಳ್ಳೆಯ ಮಸೂರ ತಂದಿದ್ದರು, ಬಹಳ ತಾಳ್ಮೆಯಿಂದ ಎಲ್ಲವನ್ನೂ ನೋಡಿದರು. ಕೊಂಬಿನ ತುದಿಯನ್ನು ಅವರು ಮೊದಲೇ ಗುರುತಿಸಿದ್ದರಂತೆ, ಆದರೆ ಪೆಟ್ಟಿಗೆಯ ಕುಳಿಗೂ ಅದಕ್ಕೂ ನಂಟು ಹಾಕಿರಲಿಲ್ಲ. ಮೂಲೆಯ ಬಟ್ಟೆ ಎತ್ತಿ ತೋರಿಸಿದಾಗ ತಲೆಯಾಡಿಸಿದರು.

"ಮೇಡಂ, ಪೈಪೂ ಬಾಕ್ಸೂ ಜೊತೇವಲ್ಲ ಅನ್ನೋದನ್ನ ನಾನು ಈಗ್ಲೂ ಹೇಳ್ತೀನಿ" ಎಂದರು.

"ನಾನೂ ಅದನ್ನೇ ಹೇಳ್ತೀನಿ" ಎಂದೆ. "ಪೈಪ್‌ಗಿಂತ ಪೆಟ್ಟಿಗೆ ವಯಸ್ಸಲ್ಲಿ ಚಿಕ್ಕದು. ಆದ್ರೆ ಅದನ್ನ ಈ ಪೈಪ್‌ಗಳಿಗೋಸ್ಕರಾನೇ ಮಾಡಿದ್ದು, ಆಂಟಿಯ ತಾತನಿಗೋಸ್ಕರಾನೇ ಮಾಡಿದ್ದು. ಚೀಟಿಯಲ್ಲಿ ಅಷ್ಟು ಬಂದ್ರೆ ಸಾಕು."

ಅವರು ನಕ್ಕರು. "ಇಂಥ ಸೆಟ್ ನಾನು ಇನ್ನೊಂದು ನೋಡಿಲ್ಲ. ಅಂಗಡೀಲಿ ತಗೊಂಡಿದ್ದು ಎಲ್ರ ಹತ್ರಾನೂ ಇರುತ್ತೆ. ಚೀಟಿ ನೀವೇ ಬರೀರಿ ಮೇಡಂ, ಕೆಳಗೆ ಇಬ್ರ ಹೆಸರೂ ಹಾಕೋಣ."

ಚೀಟಿ ಬರೆಯಲು ನನಗೆ ಪೂರ್ತಿ ಒಂದು ಸಂಜೆ ಹಿಡಿಯಿತು. ಕಾರ್ಖಾನೆಯಲ್ಲಿ ವರದಿ ಬರೆದು ರೂಢಿ, ಗೊತ್ತಿರುವುದು ಯಾವುದು, ಊಹೆ ಯಾವುದು ಎಂದು ಬೇರೆ ಬೇರೆ ಹೇಳಬೇಕು. ಪೈಪ್‌ಗಳು ಇಂಗ್ಲೆಂಡಿನವು, ಯುದ್ಧಕ್ಕೆ ಮುಂಚಿನವು, ಇದು ಬೆಳ್ಳಿಯ ಮುದ್ರೆಯಿಂದ ಖಚಿತ. ಪೆಟ್ಟಿಗೆ ಅದಕ್ಕಿಂತ ಈಚಿನದು, ಕೈಯಿಂದ ಮಾಡಿದ್ದು, ಅಸ್ತರು ಗುಳೇದಗುಡ್ಡದ ಖಣ, ಇದೂ ಖಚಿತ. ಮಾಡಿದವರು ಹುಬ್ಬಳ್ಳಿಯ ವರ್ಕ್‌ಶಾಪಿನ ಕೆಲಸಗಾರರು ಎಂಬುದು ಮರ, ಚಿಲಕ ಮತ್ತು ಮನೆಯವರ ನೆನಪಿನಿಂದ ತಿಳಿದದ್ದು. ಅವರ ಹೆಸರುಗಳು ಗೊತ್ತಿಲ್ಲ. ಹೀಗೆ ಬರೆದೆ. ಆಂಟಿ ಓದಿ, ಕನ್ನಡ ಮೇಲಿರಲಿ, ಇಂಗ್ಲಿಷ್ ಕೆಳಗಿರಲಿ ಎಂದರು. ಮಾಡಿದವರ ಮೊಮ್ಮಕ್ಕಳು ಯಾರಾದರೂ ಬಂದರೆ ಅವರಿಗೆ ಮೊದಲು ಕಾಣಬೇಕಂತೆ.

ಪ್ರದರ್ಶನಕ್ಕೆ ಅತ್ತೆಯವರನ್ನೂ ಕರೆದುಕೊಂಡು ಹೋದೆವು. ಚರ್ಚಿನ ಆವರಣಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲು. ಇಳಕಲ್ ಸೀರೆ ಉಟ್ಟು, ಅದಕ್ಕೆ ಒಪ್ಪುವ ಖಣದ ಕುಪ್ಪಸವನ್ನೇ ಹುಡುಕಿ ತೊಟ್ಟಿದ್ದರು. ಹಾಲ್‌ನಲ್ಲಿ ಪಿಯಾನೊ, ಮದುವೆಯ ಗೌನು, ಹಾಕಿ ಕೋಲುಗಳು, ಗೋಡೆ ಗಡಿಯಾರ ಎಲ್ಲ ಇದ್ದವು. ಪೈಪ್ ಸೆಟ್ಟನ್ನು ಮೊದಲು ಮೂಲೆಯಲ್ಲಿ ಇಡುವುದೆಂದು ಗೊತ್ತಾಗಿತ್ತಂತೆ, ಈಗ ಬಾಗಿಲ ಎದುರಿನ ಮೇಜಿಗೆ ಬಂದಿತ್ತು. ಅತ್ತೆಯವರು ಅಲ್ಲಿಯೇ ಕುರ್ಚಿ ಹಾಕಿಸಿಕೊಂಡು ಕೂತರು. ಬಂದವರು ಬಟ್ಟೆಯ ಬಗ್ಗೆ ಕೇಳಿದರೆ ತಮ್ಮ ತೋಳನ್ನು ಮುಂದೆ ಚಾಚಿ, "ನೋಡ್ರಿ, ಇದೂ ಅದೂ ಒಂದ" ಎನ್ನುತ್ತಿದ್ದರು. ಇಂಗ್ಲಿಷ್ ಮಾತ್ರ ಬಲ್ಲವರಿಗೂ ಅದು ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ಇಷ್ಟು ವರ್ಷ ಅಳೆದು, ಸರಿ ತಪ್ಪು ಹೇಳಿ ಕಳಿಸಿದ ಸಾವಿರಾರು ಭಾಗಗಳು ಎಲ್ಲಿ ಹೋದವೋ, ಯಾವ ಯಂತ್ರದೊಳಗೆ ಕೂತವೋ ನನಗೆ ಗೊತ್ತಿಲ್ಲ. ಇದೊಂದು ನನ್ನ ಕಣ್ಣೆದುರಿಗಿತ್ತು. ಅದನ್ನು ಮಾಡಿದವರ ಪರವಾಗಿ ನನಗೆ ಹೆಮ್ಮೆಯಾಯಿತು, ನನ್ನ ಪರವಾಗಿಯೂ ಆಯಿತು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಂಟಿ ಒಂದಿಷ್ಟೂ ಕೂರಲಿಲ್ಲ. ನೀಲಿ ಉಡುಪು ತೊಟ್ಟು, ಮುತ್ತಿನ ಸರ ಹಾಕಿಕೊಂಡು ಮೇಜಿನ ಪಕ್ಕದಲ್ಲೇ ನಿಂತಿದ್ದರು. ಜನ ಬಗ್ಗಿ ಬೆಳ್ಳಿಪಟ್ಟಿಯ ಪೈಪ್‌ಗಳನ್ನು ನೋಡಿ ಮುಂದೆ ಹೋಗಲು ಹೊರಟರೆ ಬಿಡುತ್ತಿರಲಿಲ್ಲ. ಎರಡೂ ಕೈಯಿಂದ ಪೆಟ್ಟಿಗೆಯನ್ನು ನಿಧಾನವಾಗಿ ತಿರುಗಿಸಿ, ಅದರ ಬೆನ್ನನ್ನು ಅವರ ಕಡೆ ಮಾಡಿ, ಅರದ ಗೀರುಗಳಿದ್ದ ಕೀಲುಗಳ ಮೇಲೆ ಬೆರಳಿಟ್ಟು, ತರಗತಿಯಲ್ಲಿ ಹೇಳುವ ಧ್ವನಿಯಲ್ಲೇ ಹೇಳುತ್ತಿದ್ದರು: "ಇಲ್ಲಿ ನೋಡಿ, ಇಲ್ಲಿ."